ಸಾಬಮ್ಮನಿಗೆ ಎರಡನೆಯ ಮನೆಯಿರಲಿಲ್ಲ

ಮೊನ್ನೆ ಶಹಾಪುರ ಬಸ್ ನಿಲ್ದಾಣದಲ್ಲಿ ಯಾದಗಿರಿ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಒಬ್ಬಾಕೆ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿಯನ್ನು ಬುಟ್ಟಿಯಲ್ಲಿಟ್ಟು, ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ ಕೂತಿದ್ದಳು. ಗಿರಾಕಿ ಬಂದಾಗೊಮ್ಮೆ ಚೀಲ ಸರಿಸುವಳು, ಬಿಸಿ ಆವಿ ಮೇಲೇಳುವುದು. ಎಲೆ, ಮಣ್ಣು, ಉಪ್ಪು ಮೂರೂ ಕೂಡಿದ ವಾಸನೆ ಅದು. ನಾನು ಎದ್ದು ಆಚೆಯ ಕಲ್ಲುಬೆಂಚಿನ ಮೇಲೆ ಹೋಗಿ ಕುಳಿತೆ.

“ಯಾಕ್ರೀ ಅಕ್ಕಾ, ಹೊಗಿ ಬಡೀತೇನು?” ಎಂದು ಆಕೆ ಅಲ್ಲಿಂದಲೇ ಕೇಳಿದಳು.

“ಇಲ್ಲವ್ವಾ, ನೀ ಯಾಪಾರ ಮಾಡು,” ಎಂದೆ.

ಹಸಿ ತೊಗರಿಕಾಯಿ ಬರುವ ದಿನಗಳಲ್ಲಿ ನನಗೆ ಸಾಬಮ್ಮನ ನೆನಪು ತಪ್ಪುವುದಿಲ್ಲ. ಅವಳಿಗೆ ಆಗ ಇಪ್ಪತ್ತು ವರ್ಷ. ಜೀವ ಬೇಡವೆಂದು ಒಮ್ಮೆ ಹೊರಟು, ಹೇಗೋ ಉಳಿದು, ನನ್ನ ವಾರ್ಡಿಗೆ ಬಂದವಳು. ಮತ್ತೊಮ್ಮೆ ಆ ದಾರಿ ಹಿಡಿಯದ ಹಾಗೆ ಅವಳನ್ನು ಉಳಿಸಿಕೊಳ್ಳಬೇಕು ಎನ್ನುವುದು ಆ ವರ್ಷದ ಆಷಾಢದಿಂದ ಕಾರ್ತೀಕದವರೆಗೆ ನನ್ನ ತಲೆಯಲ್ಲಿ ಕೂತಿದ್ದ ಒಂದೇ ಮಾತು. ಉಳಿಸಿಕೊಳ್ಳಲು ಆಗಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಅದನ್ನೇ ಬರೆಯುತ್ತಿದ್ದೇನೆ.

ನಾನು ಆಗ ಶಹಾಪುರಕ್ಕೂ ಸುರಪುರಕ್ಕೂ ನಡುವಿನ ರಸ್ತೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅದರ ಹೆಸರು ಬೇಡ. ತಪ್ಪು ನನ್ನದು, ಆಸ್ಪತ್ರೆಯದಲ್ಲ. ಹೆಣ್ಣುಮಕ್ಕಳ ವಾರ್ಡಿನಲ್ಲಿ ಹನ್ನೆರಡು ಮಂಚ. ಆ ವರ್ಷ ಮಳೆ ಬೇಗ ಹಿಡಿಯಿತು. ಬಂದವರೆಲ್ಲರ ಚಪ್ಪಲಿಗೂ ಎರೆಮಣ್ಣು ಮೆತ್ತಿಕೊಂಡು ವಾರ್ಡಿನ ಒಳತನಕ ಬರುತ್ತಿತ್ತು. ನೆಲ ಒರೆಸುವ ನಮ್ಮ ಆಯಾ ಸೊಂಟ ಹಿಡಿದುಕೊಂಡು, “ಸುರಪುರದ ಹೊಲ ಎಲ್ಲಾ ಇಲ್ಲಿಗೇ ಬಂತು, ಇನ್ನ ಬಿತ್ತೂದೊಂದು ಬಾಕಿ ಅದ,” ಎನ್ನುತ್ತಿದ್ದಳು.

ಜೀವ ಕಳೆದುಕೊಳ್ಳಲು ಹೋಗಿ ಬಂದವರ ಹೆಸರು ಬರೆಯುವುದಕ್ಕೆ ನಮ್ಮಲ್ಲಿ ಒಂದು ಉದ್ದನೆಯ ಪುಸ್ತಕವಿತ್ತು. ಅದರ ಕೊನೆಯ ಖಾನೆ ‘ಕಾರಣ’. ಇಪ್ಪತ್ತು ವರ್ಷದ ನೌಕರಿಯಲ್ಲಿ ಆ ಖಾನೆಯಲ್ಲಿ ನಾನು ಹೆಚ್ಚು ಸಲ ಬರೆದ ಮಾತು ‘ಹೊಟ್ಟೆನೋವು ತಾಳಲಾರದೆ’. ಮನೆಯವರು ಹಾಗೆ ಹೇಳುತ್ತಿದ್ದರು, ನಾನು ಹಾಗೆ ಬರೆದುಕೊಳ್ಳುತ್ತಿದ್ದೆ. ಯಾರಿಗೂ ತಕರಾರಿರಲಿಲ್ಲ. ಊರಿನಲ್ಲಿ ಮಾತು ಬರುವುದಿಲ್ಲ, ತಂಗಿಯ ಮದುವೆಗೆ ಅಡ್ಡಿಯಾಗುವುದಿಲ್ಲ. ಅಂಥವರನ್ನು ಶಿಕ್ಷಿಸಬಾರದು, ಉಪಚರಿಸಬೇಕು ಎಂದು ಕಾನೂನು ಬದಲಾಗಿದ್ದರೂ ಆ ಸುದ್ದಿ ನಮ್ಮ ಹಳ್ಳಿಗಳ ಅಂಜಿಕೆಯನ್ನು ಇನ್ನೂ ಮುಟ್ಟಿರಲಿಲ್ಲ.

ಸಾಬಮ್ಮ ಬಂದ ಮೂರನೆಯ ದಿನ ಎದ್ದು ಕೂತಳು. ಮಂಚದ ಅಂಚಿನಲ್ಲಿ ಒಬ್ಬ ಅಜ್ಜಿ, ಹಣೆ ತುಂಬ ವಿಭೂತಿ, ಹೆಸರು ಭೀಮವ್ವ. ಜೋಳದ ಗಂಜಿಯನ್ನು ಊದಿ ಊದಿ ಆರಿಸಿ, ಹಲ್ಲು ಬರದ ಮಗುವಿಗೆ ತಿನ್ನಿಸುವ ಹಾಗೆ ತಿನ್ನಿಸುತ್ತಿದ್ದಳು. ಬಾಯಿಂದ ಸೋರಿದ್ದನ್ನು ತನ್ನ ಸೆರಗಿನಿಂದಲೇ ಒರೆಸುವಳು.

“ನೀವು ಅತ್ತಿಯವರೇನ್ರಿ?” ಎಂದು ಕೇಳಿದೆ.

“ಅತ್ತಿನೂ ನಾನೇ, ಆಯಿನೂ ನಾನೇ. ಇಕಿ ನನ್ನ ಮಗಳ ಮಗಳು. ನನ್ನ ಮಗಗೇ ತಂದುಕೊಂಡೀವಿ. ಹೊರಗಿನವರ ಕೈಯಾಗ ಯಾಕ ಕೊಡಬೇಕಂತ. ಮನಿ ಹುಡುಗಿ ಮನ್ಯಾಗೇ ಉಳೀತು.”

ನಮ್ಮ ಕಡೆ ಇದು ಹೊಸದಲ್ಲ. ಅಕ್ಕನ ಮಗಳನ್ನು ತಮ್ಮ ಮಾಡಿಕೊಳ್ಳುವುದು ನಡೆದುಬಂದ ರೂಢಿ. ನನ್ನ ಬಳಗದಲ್ಲೇ ಇದೆ. ಸಾಬಮ್ಮನ ತಾಯಿ ಇದ್ದದ್ದು ಬಳಿಚಕ್ರದ ಹತ್ತಿರದ ಒಂದು ಹಳ್ಳಿಯಲ್ಲಿ. ಬೆನ್ನಿಗೆ ಇನ್ನೊಂದು ಹೆಣ್ಣು ಹುಟ್ಟಿತೆಂದು ಮೂರು ವರ್ಷದ ಸಾಬಮ್ಮನನ್ನು ಸುರಪುರದ ಆಚೆಗಿದ್ದ ತನ್ನ ಅವ್ವನ ಮನೆಗೆ ತಂದುಬಿಟ್ಟಿದ್ದಳು. ಹುಡುಗಿ ಅಲ್ಲೇ ಬೆಳೆದಳು, ಹದಿನೆಂಟು ತುಂಬಿದ ಮೇಲೆ ಅಲ್ಲೇ ಮದುವೆಯಾದಳು. ಸೀರೆ ಬಂತು, ತಾಳಿ ಬಂತು, ಹೊಸ್ತಿಲು ಮಾತ್ರ ಅದೇ.

ಕೇಳಿ ನನಗೆ ಸಮಾಧಾನವೇ ಆಯಿತು. ಮಂಚದ ಬಳಿ ಅತ್ತೆ ನಿಂತಿದ್ದರೆ ನಾವು ಒಂದು ಕಣ್ಣಿಟ್ಟಿರುತ್ತೇವೆ. ಇಲ್ಲಿ ಅಜ್ಜಿ ಕೂತಿದ್ದಾಳೆ, ಇನ್ನೇನು ಬೇಕು ಅಂದುಕೊಂಡೆ. ಅವಳ ಎದುರಿಗೇ ಪುಸ್ತಕ ತೆರೆದೆ.

“ಏನಾಗಿತ್ತವ್ವಾ ಸಾಬಮ್ಮ?”

ಅವಳು ಅಜ್ಜಿಯ ಮುಖ ನೋಡಿದಳು.

“ಹೊಟ್ಟಿ ನೋವ್ರಿ,” ಎಂದಳು ಭೀಮವ್ವ. “ಭಾಳ ದಿನದ್ದು. ತಡಕೊಳ್ಳಾಕ ಆಗಿಲ್ಲ ಪೋರಿಗೆ.”

“ಹೌದೇನವ್ವಾ?”

“ಹೌದ್ರಿ,” ಎಂದಳು ಸಾಬಮ್ಮ.

ಬರೆದುಕೊಂಡೆ. ಮನೆಗೆ ಕಳಿಸುವ ದಿನ ಬುದ್ಧಿ ಬೇರೆ ಹೇಳಿದೆ: “ಪಂಚಮಿ ಹತ್ರ ಬಂತು. ಒಂದು ತಿಂಗಳು ತವರಿಗೆ ಕಳಸ್ರಿ, ಹಗುರಾಗ್ತಾಳ.”

“ಯಾವ ತವರಿಗ್ರಿ ಸಿಸ್ಟರಮ್ಮ? ಇದೇ ತವರು,” ಎಂದು ಭೀಮವ್ವ ನಕ್ಕಳು. ನಾನೂ ನಕ್ಕೆ. ಮೂವರಲ್ಲಿ ನಾವಿಬ್ಬರು ನಕ್ಕೆವು.

ಶ್ರಾವಣದಲ್ಲಿ ಯಾದಗಿರಿಯಿಂದ ಮಂಗಳವಾರಕ್ಕೊಮ್ಮೆ ಒಬ್ಬ ಡಾಕ್ಟರು ಬರತೊಡಗಿದರು. ಮಂದಿ ಅವರನ್ನು ‘ಮನಸಿನ ಡಾಕ್ಟರ್ ಬಾಯಿ’ ಎನ್ನುತ್ತಿದ್ದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದರು. ಬಂದ ಮೊದಲ ದಿನವೇ ಆ ಉದ್ದನೆಯ ಪುಸ್ತಕ ತರಿಸಿ ಹಾಳೆ ತಿರುವಿದರು.

“ಅಕ್ಕಾ, ನಿಮ್ಮ ಕಡೆ ಮಂದಿಗೆ ಹೊಟ್ಟಿ ಬಿಟ್ರ ಬ್ಯಾರೆ ಏನೂ ಇಲ್ಲೇನು?”

“ಅವರು ಹೇಳಿದ್ದು ಬರದೀನ್ರಿ.”

“ಯಾರು? ಮಂಚದ ಮ್ಯಾಲಿದ್ದವರೋ, ಬಾಜೂಕ ನಿಂತವರೋ?”

ಅವರು ಬೈಯಲಿಲ್ಲ. ತಾವು ತಂದಿದ್ದ ಒಂದು ಫಾರಂ ಬಿಡಿಸಿ ಪಕ್ಕದಲ್ಲಿ ಕೂಡಿಸಿಕೊಂಡರು. ಇಂಥ ಪ್ರತಿಯೊಬ್ಬರ ಹತ್ತಿರವೂ ಕೂತು, ಹಿಂದಿನ ದಿನಗಳಲ್ಲಿ ಅವರ ಬದುಕಿನಲ್ಲಿ ಏನೇನು ನಡೆದಿತ್ತು ಎಂದು ಕೇಳಿ ಬರೆಯಬೇಕು. ಮುಂದೆ ಯಾರನ್ನು ಯಾವ ಹೊತ್ತಿನಲ್ಲಿ ಹಿಡಿದು ನಿಲ್ಲಿಸಬಹುದು ಎಂದು ಅದರಿಂದ ತಿಳಿಯುತ್ತದೆ ಎಂದರು.

“ಯಾಕ ಅಂತ ಕೇಳಬ್ಯಾಡ್ರಿ. ಯಾಕ ಅಂದ್ರ ಕಟಕಟ್ಯಾಗ ನಿಲ್ಲಿಸಿದಂಗ ಆಗ್ತದ. ಆ ವಾರ ಏನೇನಾತು ಅಂತ ಕೇಳ್ರಿ. ಸೋಮವಾರದಿಂದ ಸುರು ಮಾಡ್ರಿ. ಒಂದೇ ಕಾರಣಕ್ಕ ಹೋಗಂಗಿಲ್ಲ ಅಕ್ಕಾ ಜೀವ. ನಾಕು ಕೂಡಿರ್ತಾವ. ಆ ನಾಕರಾಗ ಒಂದು ನಮ್ಮ ಕೈಗೆ ಸಿಕ್ರೂ ಹಿಡಿದು ಎಳೀಬಹುದು.”

ಕೇಳುವುದು ಸುಲಭ, ಬಾಜೂಕ ನಿಂತವರನ್ನು ಕಳಿಸುವುದು ಕಷ್ಟ. ಮನೆಯವರು ಕದಲುವುದಿಲ್ಲ. ಒಂದು ದಿನ ಜಡೆ ಗಂಟಾಗಿದ್ದ ಒಬ್ಬ ಹೆಂಗಸಿನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತ ಕೂತಿದ್ದಾಗ ದಾರಿ ಹೊಳೆಯಿತು. ಬಾಚಣಿಕೆ ಹಿಡಿದು ಹಿಂದೆ ಕೂತರೆ ಅವಳು ನನ್ನ ಮುಖ ನೋಡಬೇಕಾಗಿಲ್ಲ, ನಾನು ಅವಳ ಮುಖ ನೋಡುವುದಿಲ್ಲ. ಹೇನು ನೋಡುತ್ತೇನೆ ಎಂದರೆ ಸುತ್ತಲಿನವರು ತಾವಾಗಿ ಹತ್ತು ಹೆಜ್ಜೆ ಹಿಂದೆ ಸರಿಯುತ್ತಾರೆ. ಒಂದು ಜಡೆ ಹೆಣೆಯುವಷ್ಟರಲ್ಲಿ ಒಂದು ವಾರದ ಕಥೆ ಬರುತ್ತಿತ್ತು.

ಹಾಗೆ ಬಂದದ್ದನ್ನು ಬರೆದುಕೊಳ್ಳುತ್ತ ನಾನು ಬೆಪ್ಪಾದೆ. ನಾಲೆಯ ನೀರು ಬರುವ ಹಳ್ಳಿಯ ಒಬ್ಬಾಕೆಯ ಮನೆಯವರು ಎಮ್ಮೆ ಸತ್ತಿದ್ದಕ್ಕೆ ಹೀಗಾಯಿತು ಎಂದಿದ್ದರು. ಎಮ್ಮೆ ಸತ್ತದ್ದು ನಿಜ. ಆದರೆ ಅದೇ ವಾರ ಮಗ ಶಾಲೆ ಬಿಟ್ಟಿದ್ದ, ಬಾಣಂತನದ ನಂತರ ಅವಳಿಗೆ ತಿಂಗಳುಗಟ್ಟಲೆ ನಿದ್ದೆಯಿರಲಿಲ್ಲ, ಗಂಡ ಸಂತೆಯ ನಡುವೆ ಅವಳ ಮೇಲೆ ಕೈ ಮಾಡಿದ್ದ. ನಾವು ನಿದ್ದೆಯ ತುದಿಯೊಂದನ್ನು ಹಿಡಿದೆವು. ಡಾಕ್ಟರು ಔಷಧಿ ಕೊಟ್ಟರು, ಗಂಡನನ್ನು ಕರೆಸಿ ಬಾಗಿಲು ಹಾಕಿಕೊಂಡು ಮಾತಾಡಿದರು. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಬೇಡಿ, ಬೇರೆ ಕಡೆ ಕೀಲಿ ಹಾಕಿಡಿ ಎಂದು ನಾನು ಪ್ರತಿಯೊಂದು ಮನೆಯವರಿಗೂ ಕೈಹಿಡಿದು ಹೇಳಿದೆ. ಆಕೆ ಈಗಲೂ ಸಿಗುತ್ತಾಳೆ. ಹೋದ ತಿಂಗಳು ಸಂತೆಯಲ್ಲಿ ನನ್ನ ಚೀಲಕ್ಕೆ ಒತ್ತಾಯದಿಂದ ಎರಡು ಕಟ್ಟು ಪುಂಡಿಪಲ್ಲೆ ತುರುಕಿದಳು.

ಹಳೆಯ ಹೆಸರುಗಳನ್ನು ಡಾಕ್ಟರು ಮತ್ತೆ ಕರೆಸಲು ಹೇಳಿದಾಗ ನಾನು ಮೊದಲು ಕರೆದದ್ದು ಸಾಬಮ್ಮನನ್ನು. ತೂಕ ನೋಡಬೇಕು ಎಂದು ಫೋನಿನಲ್ಲಿ ಭೀಮವ್ವನಿಗೆ ಹೇಳಿದೆ. ಗಣಪತಿ ಹಬ್ಬ ಕಳೆದ ಮೇಲಿನ ಮಂಗಳವಾರ ಅಜ್ಜಿ ಮೊಮ್ಮಗಳು ಒಂದೇ ಛತ್ರಿಯಲ್ಲಿ ಬಂದರು.

“ಹ್ಯಾನು ನೋಡ್ತೀನಿ ಆಯಿ, ಜರಾ ದೂರ ಕುಂದರ್ರಿ, ನಿಮ್ಮ ತಲಿಗೆ ಹತ್ತಾವು.”

“ನನ್ನ ತಲ್ಯಾಗ ಏನದ ಅಂತ ಬರ್ತಾವ?” ಎಂದು ಭೀಮವ್ವ ತನ್ನ ಹಿಡಿಯಷ್ಟು ಬಿಳಿ ಗಂಟು ಮುಟ್ಟಿಕೊಂಡಳು. “ಬಂದ್ರೂ ಹಸಕೊಂಡು ತಿರುಗಿ ಹೋಗ್ತಾವ.” ಆದರೂ ಎದ್ದು ಹೋಗಿ ಪಡಸಾಲೆಯಲ್ಲಿ ಆಯಾಳ ಜೊತೆ ಎಲೆಯಡಿಕೆ ಹಾಕುತ್ತ ಕೂತಳು.

ಸಾಬಮ್ಮನ ಕೂದಲು ಉದ್ದ, ಆದರೆ ಎಷ್ಟೋ ದಿನದಿಂದ ಎಣ್ಣೆ ಕಂಡಿರಲಿಲ್ಲ. ಸುಮ್ಮನೆ ಬಾಚಿದೆ. ಆಮೇಲೆ ಕೇಳಿದೆ.

“ಆ ವಾರ ಸೋಮವಾರ ಏನಿತ್ತವ್ವಾ?”

“ಗೆಳತಿ ಕುಬಸ ಇತ್ರಿ, ಏಳನೇ ತಿಂಗಳದ್ದು. ಆಯಿ ಹೋಗಬ್ಯಾಡ ಅಂದ್ಳು. ನೀ ಹೋದ್ರ ಮಂದಿ ಒಂದಂತಾರ, ನನಗ ಕೇಳಾಕ ಆಗಂಗಿಲ್ಲ ಅಂದ್ಳು. ಸಿಟ್ಟಿಲೆ ಅಲ್ರಿ. ನನ್ನ ಮಾರಿ ಸವರಿ ಅಂದ್ಳು.”

“ಮಂಗಳವಾರ?”

“ಏನಿಲ್ರಿ. ಅರಬಿ ಒಗದೆ.”

“ಬುಧವಾರ?”

“ಪರೀಕ್ಷಾ ಫಾರಂ ತುಂಬೂದು ಕಡೀ ದಿನ. ಪಿಯುಸಿದು ಇಂಗ್ಲಿಷ್ ಒಂದೇ ಉಳದದ ನಂದು. ಮಾವಗ ಹೇಳಿದ್ದೆ. ಕಡೇಚೂರ್ ಕಾರ್ಖಾನ್ಯಾಗ ಡ್ಯೂಟಿ ಇತ್ತು, ಮರ್ತಾನ.”

ಗಂಡನನ್ನು ಅವಳು ಇನ್ನೂ ಮಾವ ಎಂದೇ ಕರೆಯುತ್ತಿದ್ದಳು.

“ಗುರುವಾರ?”

“ಮಳಿಗೆ ಮನಿ ಸೋರಿ ಪುಸ್ತಕ ತೊಯ್ದಿದ್ವು. ನಾ ಹೊಲಕ್ಕ ಹೋದಾಗ ಹಳೇ ಪೇಪರಿನಾವ ಬಂದಾನ. ಆಯಿ ಎಲ್ಲಾ ಪುಸ್ತಕ ಅವಗ ಕೊಟ್ಟು ಬೆಳ್ಳುಳ್ಳಿ ತಗೊಂಡಾಳ. ನಾ ಬರೂತ್ಲೆ ಖುಷಿಲೆ ತೋರ್ಸಿದ್ಳು, ನೋಡು ಸಾಬಿ, ತೊಯ್ದ ಕಾಗದಕ್ಕ ಎಷ್ಟು ಬಂತು ಅಂತ. ನಾನೂ ಸುಲದು ಚಟ್ನಿ ಕುಟ್ಟೀನ್ರಿ.”

ನಾನು ಬಾಚಣಿಕೆ ಕೆಳಗಿಟ್ಟೆ. “ಆಯಿಗೆ ಒಂದು ಮಾತು ಅನ್ನಬೇಕಿತ್ತಿಲ್ಲೇನವ್ವಾ?”

“ಏನಂತ ಅನ್ನಲಿ? ಉಣಿಸಿ ತಿನಿಸಿ ಬೆಳಿಸ್ಯಾಳ. ಆಕಿಗೆ ನೋವಾಗ್ತದ. ಅವ್ವಗ ಹೇಳಿದ್ರ ಅವ್ವನ ಅವ್ವನ್ನೇ ಬೈದಂಗ. ಮಾವ ನನ್ನ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಸಾಲಿಗೆ ಬಿಡ್ತಿದ್ದಾವ. ಅವಗೂ ನನ್ನ ಮಾರಿ ನೋಡಾಕ ನಾಚಿಕಿ. ಐತವಾರ ಬರ್ತಾನ, ಕಟ್ಟಿ ಮ್ಯಾಲೆ ಮಲಗ್ತಾನ, ಎದ್ದು ಹೋಗ್ತಾನ. ಎರಡು ವರ್ಷಾತು ಇನ್ನಾ ಏನಿಲ್ಲೇನು ಅಂತ ಮಂದಿ ಅವಗ ಕೇಳಂಗಿಲ್ಲ, ನನಗ ಕೇಳ್ತಾರ. ಯಾರೂ ಕೆಟ್ಟವರಿಲ್ರಿ ಸಿಸ್ಟರಮ್ಮ. ಯಾರ ಮ್ಯಾಲೆ ಹೇಳ್ಲಿ?”

ಗಂಡನ ಮನೆಯಲ್ಲಿ ನೊಂದ ಹೆಣ್ಣು ತವರಿನ ಕಡೆ ಮುಖ ಮಾಡಿ ಅಳುತ್ತಾಳೆ, ತವರಿನಲ್ಲಿ ನೊಂದವಳು ಗಂಡನೆದುರು. ಇವಳು ಯಾವ ಕಡೆ ತಿರುಗಿದರೂ ಅದೇ ಗೋಡೆ. ಇಪ್ಪತ್ತು ವರ್ಷ ನಾನು ಈ ರೂಢಿಯನ್ನು ನೋಡುತ್ತ ಬಂದಿದ್ದರೂ ಇದು ಹೊಳೆದಿರಲಿಲ್ಲ.

“ಯಾರ ಬಲ್ಲಿನೂ ಮಾತಾಡಂಗಿಲ್ಲೇನು ನೀ?”

“ಮಗ್ಗಲ ಮನಿ ಖಾಲಾ ಅದಾಳ್ರಿ. ಹೊಲಿಗಿ ಮಷಿನ್ ಇಟ್ಟಾಳ. ಮಧ್ಯಾನ ಹೋಗಿ ಗುಂಡಿ ಹಚ್ಚಿ ಕೊಡ್ತೀನಿ.”

ಫಾರಂನಲ್ಲಿ ‘ಹತ್ತಿರದವರು’ ಎಂಬ ಜಾಗವಿತ್ತು. ನಾನು ಅಲ್ಲಿ ‘ಅಜ್ಜಿ, ತಾಯಿ, ಗಂಡ’ ಎಂದು ಬರೆದೆ. ಖಾಲಾ ಎಂದರೆ ಚಿಕ್ಕಮ್ಮ, ಆದರೆ ಅದು ಕರೆಯುವ ಮಾತಷ್ಟೇ, ರಕ್ತಸಂಬಂಧವಲ್ಲವಲ್ಲ, ಬರೆಯಲಿಲ್ಲ.

ಡಾಕ್ಟರು ಅವಳನ್ನು ನೋಡಿದರು, ಗುಳಿಗೆ ಕೊಟ್ಟರು, ಎರಡು ವಾರಕ್ಕೊಮ್ಮೆ ಬರಲು ಹೇಳಿದರು. ಅವಳು ಬಂದಳು. ದಸರೆಯ ಹೊತ್ತಿಗೆ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ನಾನು ನನ್ನ ಅಣ್ಣನ ಮಗಳ ಹಳೆಯ ಇಂಗ್ಲಿಷ್ ಪುಸ್ತಕ ಕೊಟ್ಟೆ. ಅದನ್ನು ಮನೆಗೆ ಒಯ್ಯಲಿಲ್ಲ, ಖಾಲಾಳ ಮನೆಯಲ್ಲಿ ಇಟ್ಟಿದ್ದೇನೆ ಎಂದಳು. ಕಾರ್ತೀಕದಲ್ಲಿ ಒಂದು ಮಂಗಳವಾರ ಟವೆಲಿನ ಗಂಟಿನಲ್ಲಿ ಹಸಿ ತೊಗರಿಕಾಯಿ ತಂದಳು. ನಮ್ಮ ಕೋಣೆಯ ಒಲೆಯ ಮೇಲೆ ಪಾತ್ರೆಯಿಟ್ಟು ತಾನೇ ಉಪ್ಪು ಹಾಕಿ ಕುದಿಸಿದಳು. ವಾಸನೆ ವಾರ್ಡಿಗೆಲ್ಲ ಹಬ್ಬಿತು. ಆಯಾ ಬಾಗಿಲಲ್ಲಿ ನಿಂತು, “ಆಸ್ಪತ್ರಿ ಹೋಗಿ ಖಾನಾವಳಿ ಆತು,” ಎನ್ನುತ್ತ ಮೊದಲ ಹಿಡಿ ತಾನೇ ತೆಗೆದುಕೊಂಡಳು. ಡಾಕ್ಟರು ಸುಲಿಯಲು ಬಾರದೆ ಕಾಯಿಯನ್ನು ಹಾಗೇ ಕಚ್ಚಿದರು. ಸಾಬಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಹೋಗುವಾಗ ಬಾಗಿಲ ಬಳಿ ನನ್ನ ಕೈ ಹಿಡಿದಳು. “ಮುಂದಿನ ಸಲ ಫಾರಂ ತುಂಬ್ತೀನ್ರಿ. ಎರಡು ತಿಂಗಳು ಯಾದಗಿರ್ಯಾಗ ಯಾವುದರೆ ಹಾಸ್ಟೆಲಿನಾಗ ಇದ್ದು ಓದಬೇಕು ಅಂತದ. ಆಯಿಗೆ ಇನ್ನಾ ಹೇಳಬ್ಯಾಡ್ರಿ. ನಾನೇ ಹೇಳ್ತೀನಿ, ಜರಾ ಧೈರ್ಯ ಬರ್ಲಿ.”

ಆಯಿಗೆ ಹೇಳಬೇಡ ಎಂದಿದ್ದಳು. ತಾಯಿಗೆ ಹೇಳಬೇಡ ಎಂದಿರಲಿಲ್ಲ. ನಾನು ಮಾಡಿದ ಲೆಕ್ಕ ಅದು. ನನಗೂ ಹೆಣ್ಣುಮಕ್ಕಳಿದ್ದಾರೆ, ಹೆತ್ತವಳಿಗೆ ಗೊತ್ತಿಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು. ಮರುದಿನ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು, ಬಳಿಚಕ್ರದ ಕಡೆಯ ಆ ತಾಯಿಗೆ ಫೋನ್ ಮಾಡಿದೆ. ಹಾಸ್ಟೆಲ್ ಯಾಕೆ, ನೀವೇ ಎರಡು ತಿಂಗಳು ಇಟ್ಟುಕೊಂಡು ಓದಿಸಿರಿ ಎಂದೆ. ಅವಳು ಯಾಕೆ, ಏನಾಗಿದೆ ಎಂದು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಕುಬಸದ ಮಾತು, ಪರೀಕ್ಷೆಯ ಫಾರಂ, ಪುಸ್ತಕ, ಗಂಡ ಕಟ್ಟೆಯ ಮೇಲೆ ಮಲಗುವುದು. ಒಂದನ್ನೂ ಬಿಡಲಿಲ್ಲ.

ಆ ಕಡೆ ತಾಯಿ ಅಳುತ್ತಿದ್ದಳು. “ನಮ್ಮವ್ವ ಹಂಗ ಮಾಡ್ಯಾಳೇನ್ರಿ? ನಾ ನೋಡ್ಕೋತೀನಿ. ನೀವು ಚಿಂತಿ ಮಾಡಬ್ಯಾಡ್ರಿ.”

ಫೋನ್ ಇಟ್ಟು ಚಹಾ ಮಾಡಿಕೊಂಡೆ. ಒಂದು ಭಾರ ಇಳಿದ ಹಾಗಿತ್ತು. ಅದು ನನ್ನ ಭಾರ ಎಂದು ಆಗ ತಿಳಿಯಲಿಲ್ಲ.

ತಾಯಿ ಮರುದಿನದ ಮೊದಲ ಬಸ್ಸಿಗೇ ಹೊರಟು ಅವ್ವನ ಮನೆಗೆ ಬಂದಿದ್ದಳಂತೆ. ಸಾಬಮ್ಮನ ಗಂಡನನ್ನೂ ಕಡೇಚೂರಿನಿಂದ ಕರೆಸಿದರಂತೆ. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ತಾಯಿ ಅವ್ವನಿಗೆ ಬೈದಳು, ಅವ್ವ ಎದೆ ಬಡಿದುಕೊಂಡು ಅತ್ತಳು, ಗಂಡ ಗೋಡೆಗೆ ಮುಖ ಮಾಡಿ ನಿಂತ. ಕೊನೆಗೆ ಸಾಬಮ್ಮನೇ ಆಯಿಯ ಕಾಲಿಗೆ ಬಿದ್ದು ತಪ್ಪಾಯಿತು ಎಂದಳು. ತಪ್ಪು ಏನೆಂದು ಯಾರೂ ಕೇಳಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ, ಮುಂದಿನ ಸರದಿಯ ಮಂಗಳವಾರ ಅವಳು ಬರಲಿಲ್ಲ. ಫೋನ್ ಮಾಡಿದೆ. ಭೀಮವ್ವನ ದನಿ ತಣ್ಣಗಿತ್ತು.

“ಆರಾಮ ಅದಾಳ್ರಿ. ಹತ್ತಿ ಬಿಡಿಸಾಕ ಹೋಗ್ಯಾಳ. ನಿಮ್ಮ ಉಪಕಾರ ಭಾಳಾತು.”

ತಾಯಿಗೆ ಫೋನ್ ಮಾಡಿದ್ದನ್ನೂ ಸೇರಿಸಿ ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಮುಚ್ಚಿಟ್ಟರು.

“ಅವ್ವಗ ಹೇಳ್ಲೇನು ಅಂತ ಆಕಿನ್ನ ಕೇಳಿದ್ರೇನಕ್ಕಾ?”

“ಇಲ್ರಿ. ತಾಯಿ ಅಂತ…”

“ಹೇಳಿದ್ದೇ ತಪ್ಪು ಅಂತ ಅನ್ನಾಕತ್ತಿಲ್ಲ ನಾ. ಜೀವದ ಮಾತು ಒಬ್ಬರೇ ಹೊತಗೊಂಡು ಕುಂದ್ರಬಾರದು, ಒಬ್ಬರಿಗರೆ ಹೇಳಲೇಬೇಕಾಗ್ತದ. ಆದ್ರ ಯಾರಿಗೆ ಅನ್ನೂದು ಆಕಿ ಹೇಳಬೇಕು. ನಮಗ ತಾಯಿ ಅಂದ್ರ ತಾಯಿ. ಆಕಿಗೆ ಆ ಮನ್ಯಾಗ ಎಲ್ಲಾರೂ ಒಬ್ಬರೇ.”

ಮುಂದಿನ ಮಂಗಳವಾರ ನಾವಿಬ್ಬರೂ ಊರಿಗೇ ಹೋಗೋಣ ಎಂದು ಮಾತಾಯಿತು. ಆವತ್ತೇ ಹೋಗಬಹುದಿತ್ತು. ಹೊರಗೆ ರೋಗಿಗಳ ಸಾಲಿತ್ತು.

ಆ ಮಂಗಳವಾರ ಬರಲಿಲ್ಲ. ಶನಿವಾರ ಬೆಳಿಗ್ಗೆ ಅವರ ಊರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿ, “ಸಿಸ್ಟರ್, ನಿಮ್ಮ ಸಾಬಮ್ಮ ಹೋದ್ಳ್ರಿ,” ಎಂದಳು. ಹೇಗೆ ಎಂಬುದನ್ನು ನಾನು ಬರೆಯುವುದಿಲ್ಲ. ಅದನ್ನು ತಿಳಿದು ಯಾರಿಗೂ ಒಳಿತಾಗುವುದಿಲ್ಲ. ಆ ದಿನ ವಾರ್ಡಿನಲ್ಲಿ ಹೊಸದಾಗಿ ಹೆರಿಗೆಯಾದವಳೊಬ್ಬಳಿದ್ದಳು. ಅವಳ ಮಗುವಿಗೆ ಸ್ನಾನ ಮಾಡಿಸಿದೆ, ಬಟ್ಟೆ ಸುತ್ತಿದೆ, ತೂಕ ಬರೆದೆ. ಕೆಲಸ ಮುಗಿಸಿ ಮನೆಗೆ ಬಂದು ರೊಟ್ಟಿ ಬಡಿಯಲು ಕೂತವಳು ಹಿಟ್ಟು ಮುಚ್ಚಿಟ್ಟು ಎದ್ದೆ.

ಆಮೇಲಿನ ನನ್ನ ಕೆಲಸದಲ್ಲಿ ಎರಡು ಬದಲಾವಣೆ ಆದವು. ಯಾರಾದರೂ ಬಾಯಿ ಬಿಟ್ಟ ಕೂಡಲೇ, “ಇದನ್ನ ಯಾರಿಗೆ ಹೇಳ್ಲಿ, ಯಾರಿಗೆ ಬ್ಯಾಡ?” ಎಂದು ಕೇಳಿಯೇ ಮುಂದಿನ ಮಾತು. ಕೆಲವರು ಗಂಡನ ಹೆಸರು ಹೇಳುತ್ತಾರೆ, ಒಬ್ಬಳು ಹಾಲು ಹಾಕುವವಳ ಹೆಸರು ಹೇಳಿದಳು, ಒಬ್ಬಳು ತನ್ನ ಹಳೆಯ ಟೀಚರ ಹೆಸರು. ‘ಹತ್ತಿರದವರು’ ಎಂಬ ಜಾಗದಲ್ಲಿ ಈಗ ನಾನು ಅದನ್ನೇ ಬರೆಯುತ್ತೇನೆ. ಇನ್ನೊಂದು, ಇವತ್ತು ಹೋಗಬೇಕು ಅನ್ನಿಸಿದರೆ ಇವತ್ತೇ ಹೋಗುತ್ತೇನೆ, ಸಾಲು ಕಾಯಲಿ. ಹೀಗೆ ಉಳಿದವರಿದ್ದಾರೆ. ಅವರನ್ನು ಕಂಡಾಗ ಸಂತೋಷವಾಗುತ್ತದೆ, ಆ ಸಂತೋಷದ ಬಾಜೂಕ ಒಬ್ಬಳು ನಿಂತಿರುತ್ತಾಳೆ.

ಹೋದವರ ಮನೆಗೂ ಹೋಗಿ ಕೂತು ಕೇಳಬೇಕು ಎಂದು ಡಾಕ್ಟರು ಹೇಳಿದ್ದರು. ಅವರೂ ಬರುತ್ತೇನೆಂದರು, ನಾನೇ ಒಬ್ಬಳೇ ಹೋಗುತ್ತೇನೆ ಎಂದೆ. ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ಹಬ್ಬಕ್ಕೆ ಹೊಲಕ್ಕೆ ಹೋಗಿ ಬಂದ ಬಂಡಿಗಳ ಗಾಲಿಗುರುತು ದಾರಿಯಲ್ಲಿ ಇನ್ನೂ ಇತ್ತು. ಹತ್ತಿ ಮುಗಿದ ಹೊಲಗಳಲ್ಲಿ ಬರೀ ಕಡ್ಡಿ.

ಮೊದಲು ಖಾಲಾಳ ಮನೆಗೆ ಹೋದೆ. ಐವತ್ತರ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು. ನಾನು ಯಾರೆಂದು ಹೇಳುತ್ತಲೇ ಮಷಿನ್ ನಿಲ್ಲಿಸಿದಳು.

“ಗುಂಡಿ ಹಚ್ಚೂದು ನೆಪ ಇತ್ರಿ ಬಾಯಿ. ಇಲ್ಲೇ ಕುಂತು ಓದ್ತಿದ್ಳು. ನನಗ ಇಂಗ್ಲಿಷ್ ಕಲಿಸ್ತೀನಿ ಅಂತ ಚೇಷ್ಟಿ ಮಾಡ್ತಿದ್ಳು. ಅವರ ಮನ್ಯಾಗ ಜಗಳ ಆತಲ್ಲ, ಮನಿ ಮಾತು ಹೊರಗ ಹೋಗಾಕತ್ತಾವ, ಆ ಹೊಲಿಗಿ ಮನಿಗೆ ಕಾಲಿಡಬ್ಯಾಡ ಅಂದ್ರಂತ. ನಾ ಯಾರಿಗೂ ಏನೂ ಅಂದಿಲ್ಲ, ಅಲ್ಲಾನ ಆಣಿ. ಆಖರಿ ಎರಡು ವಾರ ನಮ್ಮ ಬಾಗಲ ಮುಂದಿಂದ ನೀರಿಗೆ ಹೋಗ್ತಿದ್ಳು, ಈ ಕಡೆ ನೋಡ್ತಿದ್ದಿಲ್ಲ. ನೋಡಿದ್ರ ಒಳಗ ಬರ್ಬೇಕಾಗ್ತದಲ್ರಿ.”

ಆ ಮನೆಯ ಮಾತನ್ನು ಸಾಬಮ್ಮನ ತಾಯಿಗೆ ಅಂದವಳು ನಾನು ಎಂದು ಅವಳಿಗೆ ಹೇಳಿದೆ. ಅವಳು ಕನ್ನಡಕ ತೆಗೆದು ನನ್ನ ಕಡೆ ನೋಡಿದಳು. ಆಮೇಲೆ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಭೀಮವ್ವ ತನ್ನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ಮೇಲೆ ವಿಭೂತಿ ಇರಲಿಲ್ಲ. ಹಬ್ಬದ ಸಜ್ಜೆ ರೊಟ್ಟಿ ಯಾರೋ ತಂದಿಟ್ಟಿದ್ದು ತಾಟಿನಲ್ಲಿ ಹಾಗೇ ಒಣಗಿತ್ತು. ಮಗ ಕಡೇಚೂರಿನಲ್ಲೇ ಉಳಿದಿದ್ದಾನೆ, ಐತವಾರವೂ ಬರುವುದಿಲ್ಲ ಎಂದಳು. ನಾನು ಚಾಪೆಯ ಮೇಲೆ ಕೂತು ಫಾರಂ ತೆಗೆಯಲೋ ಬೇಡವೋ ಎಂದು ಚೀಲದ ಮೇಲೆ ಕೈಯಿಟ್ಟುಕೊಂಡಿದ್ದೆ.

“ನೀವು ಕೇಳಾಕ ಬಂದೀರಿ,” ಎಂದಳು ಭೀಮವ್ವ. “ಮೊದಲ ನಾ ಕೇಳ್ತೀನಿ. ನನ್ನ ಮ್ಯಾಲೆ ಏನಂದಿದ್ಳು ಆಕಿ?”

“ಕೆಟ್ಟ ಏನೂ ಅಂದಿಲ್ಲ ಆಯಿ.”

“ಸುಳ್ಳು ಹೇಳಬ್ಯಾಡ್ರಿ. ನನ್ನ ಮಗಳು ಬಂದು ಎಲ್ಲಾ ಅಂದಾಳ. ನನಗ ಗೊತ್ತದ ನಾ ಏನೇನು ಮಾಡೀನಿ ಅಂತ. ಗೊತ್ತಿಲ್ಲದ್ದು ಒಂದೇ. ನನ್ನ ಬಲ್ಲಿ ಯಾಕ ಹೇಳ್ಲಿಲ್ಲ? ಮೂರು ವರ್ಷದಾಕಿ ಇದ್ದಾಗಿಂದ ನನ್ನ ಮಗ್ಗಲದಾಗ ಮಲಗಿದಾಕಿ. ಜ್ವರ ಬಂದ್ರ ಹೇಳ್ತಿದ್ಳು, ಮುಳ್ಳು ಚುಚ್ಚಿದ್ರ ಹೇಳ್ತಿದ್ಳು. ಇದೊಂದು ಯಾಕ ಹೇಳ್ಲಿಲ್ಲ?”

ಈ ಸಲ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಕೇಳಲು ನನಗೆ ಸಾಬಮ್ಮ ಇರಲಿಲ್ಲ. ಅವಳು ಇದ್ದಿದ್ದರೆ ಹೇಳಿ ಎನ್ನುತ್ತಿದ್ದಳು ಅನ್ನಿಸಿದ್ದನ್ನು ಮಾತ್ರ ಹೇಳಿದೆ.

“ನಿಮಗ ನೋವಾಗ್ತದಂತ ಹೇಳ್ಲಿಲ್ಲ ಆಯಿ. ಹಂಗೇ ಅಂದ್ಳು ನನ್ನ ಮುಂದ.”

ಭೀಮವ್ವ ಅಳಲಿಲ್ಲ. ತಿಳಿಯದ ಭಾಷೆಯ ಮಾತನ್ನು ಕೇಳಿದವಳ ಹಾಗೆ ತುಟಿ ಅಲುಗಿಸುತ್ತ ಅದನ್ನೇ ಒಳಗೊಳಗೆ ಅಂದುಕೊಂಡಳು. ಹೊರಗೆ ಯಾರದೋ ಕುರಿಗಳು ಹೋದವು.

“ನೋವಾಗ್ತಿತ್ತು,” ಎಂದಳು ಕೊನೆಗೆ. “ಎರಡು ದಿನ ಅಳ್ತಿದ್ದೆ. ಸಿಟ್ಟಿಲೆ ಉಣ್ಣಂಗಿಲ್ಲ ಅಂತಿದ್ದೆ. ಮೂರನೇ ದಿನ ಎದ್ದು ರೊಟ್ಟಿ ಬಡೀತಿದ್ದೆ. ಮೂರು ಮಕ್ಕಳನ್ನ ಮಣ್ಣಿಗೆ ಕೊಟ್ಟು ಬದುಕಿದಾಕಿ ನಾ, ಇಷ್ಟು ನೋವಿಗೆ ಏನಾಗ್ತಿದ್ದೆ? ನನಗ ನೋವಾದ್ರ ಆಗ್ತಿತ್ತಲ್ಲ ಸಿಸ್ಟರಮ್ಮ. ಅಷ್ಟು ಮಾತು ಆಕಿಗೆ ಯಾರರೆ ಹೇಳಬೇಕಿತ್ತು.”

ಹೇಳಬೇಕಿತ್ತು. ಅವಳ ಜಡೆ ಕೈಯಲ್ಲಿ ಹಿಡಿದುಕೊಂಡು, ಅವಳ ಬೆನ್ನ ಹಿಂದೆ, ನಾನು ಅಲ್ಲೇ ಕೂತಿದ್ದೆ.